ಬೇಡನಿಲ್ಲದ ಕ್ರೌಂಚ

ಬೊಂಬೆ ಬರೆದು ಹೇಳಿದ ಕಥೆಯನ್ನು ಕಥೆಯೆಂದು ಒಪ್ಪಿಕೊಳ್ಳುವುದಕ್ಕೆ ಓದುಬಲ್ಲವರಿಗೆ ಎಲ್ಲ ದೇಶಗಳಲ್ಲಿಯೂ ಒಂದು ಬಗೆಯ ಸಂಕೋಚ. ಅಕ್ಷರ ಕೂಡಿಸಲಾರದ ಕೂಸಿಗೆ ಬೊಂಬೆ ಸರಿ. ಓದು ಬಂದ ಮೇಲೂ ಬೊಂಬೆಯೇಕೆ ಎಂಬುದು ಅವರ ಆಕ್ಷೇಪ. ಅಮೆರಿಕದಲ್ಲಿ ಈ ಆಕ್ಷೇಪ ದೊಡ್ಡ ಗದ್ದಲವಾಗಿಯೇ ಎದ್ದಿತು. ಚಿತ್ರಕಥೆಗಳನ್ನು ಓದಿ ಮಕ್ಕಳು ಕೆಡುತ್ತಾರೆಂದು ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ೧೯೫೪ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮ್ಮ ಸುತ್ತ ತಾವೇ ಒಂದು ನಿಯಮಾವಳಿಯ ಬೇಲಿ ಹಾಕಿಕೊಂಡರು. ನಮ್ಮ ಕಡೆ ಅಷ್ಟೊಂದು ರಂಪವಾಗಲಿಲ್ಲ. ೧೯೪೯ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಬಣ್ಣದ ಚಿತ್ರಗಳನ್ನು ಮನೆಯ ಹಿರಿಯರೂ ಕದ್ದು ನೋಡುತ್ತಿದ್ದರು. ಮುಂದೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ‘ಅಮರ ಚಿತ್ರಕಥೆ’ಯ ಸಾರಥ್ಯ ವಹಿಸಿ ಕೃಷ್ಣನಿಂದ ಆರಂಭಿಸಿ ದೇವದೇವತೆಗಳನ್ನೆಲ್ಲ ಚೌಕಟ್ಟುಗಳೊಳಗೆ ಕೂರಿಸಿದಾಗ, ಪುರಾಣದ ರುಜು ಇದೆಯಲ್ಲ ಎಂದು ಚಿತ್ರಕಥೆಯನ್ನು ನಡುಮನೆಯವರೆಗೂ ಬಿಟ್ಟುಕೊಂಡರು. ದೇವರ ಕಥೆಯಲ್ಲದ ಚಿತ್ರಕಥೆಗೆ ಮಾತ್ರ ಜಗಲಿಯೇ ಗತಿ.

ನನ್ನ ಮಟ್ಟಿಗೆ ಹೇಳುವುದಾದರೆ, ಎಳೆಯರಿಗೆಂದು ಬರೆದ ಪುಸ್ತಕಗಳನ್ನು ಓದುವ ಚಪಲ ತಲೆ ನರೆತರೂ ಬಿಟ್ಟಿಲ್ಲ. ದೊಡ್ಡವರಿಗಾಗಿ ಬರೆಯುವವನು ತನ್ನ ಅನುಮಾನಗಳನ್ನೆಲ್ಲ ಪುಟದ ಮೇಲೆ ಚೆಲ್ಲಬಹುದು. ಮಕ್ಕಳಿಗೆ ಬರೆಯುವವನು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಟ್ಟುಕೊಂಡೇ ಲೇಖನಿ ಹಿಡಿಯಬೇಕು: ಈ ಲೋಕದ ವಿಚಾರವನ್ನು ಮಗುವಿಗೆ ಎಷ್ಟು ಹೇಳಲಿ? ಆ ಉತ್ತರದಲ್ಲಿ ಬರೆದವನ ಗುಣವೂ, ಅವನ ಕಾಲದ ಗುಣವೂ, ಪುಸ್ತಕವನ್ನು ಕೊಂಡುಕೊಡುವ ಹಿರಿಯರ ಗುಣವೂ ಗೊತ್ತಾಗಿಬಿಡುತ್ತದೆ. ಇದನ್ನು ಪರೀಕ್ಷಿಸಿ ನೋಡಬೇಕೆಂದರೆ ಒಂದೇ ಘಟನೆಯನ್ನು ಕುರಿತ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು. ಹಿರೋಷಿಮಾವನ್ನು ಕುರಿತ ಅಂಥ ಎರಡು ಪುಸ್ತಕಗಳಿವೆ. ಒಂದು, ಎಲಿನರ್ ಕೋರ್ ಎಂಬ ಕೆನಡಾ ಸಂಜಾತ ಲೇಖಕಿ ೧೯೭೭ರಲ್ಲಿ ಪ್ರಕಟಿಸಿದ ‘ಸದಾಕೋ ಮತ್ತು ಸಾವಿರ ಕಾಗದದ ಕೊಕ್ಕರೆಗಳು’ ಎಂಬ ಪುಟ್ಟ ಕಾದಂಬರಿ. ಇನ್ನೊಂದು, ಕೆಯಿಜಿ ನಾಕಾಜಾವಾ ಎಂಬ ಜಪಾನೀ ಚಿತ್ರಕಾರರ ‘ಬರಿಗಾಲ ಗೆನ್’ ಎಂಬ ಹತ್ತು ಸಂಪುಟಗಳ ಚಿತ್ರಕಾದಂಬರಿ. ಮೊದಲನೆಯದು ಲೋಕದ ಎಷ್ಟೋ ಶಾಲೆಗಳ ಪಾಠವಾಯಿತು. ಎರಡನೆಯದನ್ನು ಅದು ಹುಟ್ಟಿದ ದೇಶದಲ್ಲಿಯೇ ಕಪಾಟಿನೊಳಕ್ಕೆ ಸರಿಸುವ ಪ್ರಯತ್ನ ನಡೆಯಿತು. ಯಾಕೆ ಹೀಗೆ ಎಂಬುದೇ ನನ್ನನ್ನು ಕಾಡಿದ ವಿಷಯ.

ಸದಾಕೋ ಸಸಾಕಿ ಕಲ್ಪನೆಯ ಹುಡುಗಿಯಲ್ಲ. ೧೯೪೩ರ ಜನವರಿ ೭ರಂದು ಹುಟ್ಟಿದವಳು. ೧೯೪೫ರ ಆಗಸ್ಟ್ ೬ರಂದು ಬೆಳಗ್ಗೆ ೮ ಗಂಟೆ ೧೫ ನಿಮಿಷಕ್ಕೆ ಬಾಂಬು ಸಿಡಿದಾಗ ಎರಡೂವರೆ ವರ್ಷದ ಕೂಸು. ಮೈಮೇಲೆ ಗಾಯವೇನೂ ಆಗಲಿಲ್ಲ. ಬೆಳೆದು ಶಾಲೆಯ ಓಟದ ಪಂದ್ಯಗಳಲ್ಲಿ ಮುಂದೆ ನಿಂತಳು. ಹನ್ನೆರಡನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ೧೯೫೫ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದವಳು ಅಕ್ಟೋಬರ್ ೨೫ರಂದು ತೀರಿಕೊಂಡಳು. ಆಗಸ್ಟ್ ತಿಂಗಳಲ್ಲಿ ನಗೋಯಾ ನಗರದ ವಿದ್ಯಾರ್ಥಿಗಳು ಆಸ್ಪತ್ರೆಗೆ ಕಾಗದದ ಕೊಕ್ಕರೆಗಳನ್ನು ಕಳಿಸಿಕೊಟ್ಟಿದ್ದರು. ಸಾವಿರ ಕೊಕ್ಕರೆ ಮಡಿಸಿದವರ ಇಷ್ಟಾರ್ಥ ಸಿದ್ಧಿಸುವುದೆಂಬುದು ಅಲ್ಲಿಯ ನಂಬಿಕೆ. ಹುಡುಗಿ ಮಡಿಸತೊಡಗಿದಳು. ಕಾಗದ ಸಾಲದೆ ಬಂದಾಗ ಔಷಧಿ ಸುತ್ತಿದ ಹಾಳೆಗಳನ್ನೂ ಬಿಡಲಿಲ್ಲ. ಅವಳು ಸತ್ತ ಮೇಲೆ ಸಹಪಾಠಿಗಳು ಹಣ ಕೂಡಿಸಲು ಹೊರಟರು. ದೇಶದ ಶಾಲೆಗಳೆಲ್ಲ ಕೈಗೂಡಿಸಿದವು. ೧೯೫೮ರ ಮೇ ೫ರಂದು ಹಿರೋಷಿಮಾದ ಶಾಂತಿ ಉದ್ಯಾನದಲ್ಲಿ ಮಕ್ಕಳ ಸ್ಮಾರಕ ಅನಾವರಣಗೊಂಡಿತು. ಆಸ್ಟ್ರಿಯಾದ ಕಾರ್ಲ್ ಬ್ರುಕ್ನರ್ ೧೯೬೧ರಲ್ಲಿಯೇ ಅವಳನ್ನು ಕುರಿತು ಕಾದಂಬರಿ ಬರೆದಿದ್ದರು. ಆದರೂ ಲೋಕದ ಮಕ್ಕಳ ಮನಸ್ಸಿನಲ್ಲಿ ನಿಂತದ್ದು ಕೋರ್ ಅವರ ಪುಸ್ತಕವೇ.

ಆ ಪುಸ್ತಕವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಭಾಷೆ ಸರಳ, ಹೇಳುವ ರೀತಿ ಮೃದು. ಕೊನೆಗೆ ಕಣ್ಣು ತೇವಗೊಳ್ಳದಿದ್ದರೆ ಓದಿದವನ ಎದೆಯ ಬಗ್ಗೆ ಶಂಕಿಸಬೇಕು. ನನಗೂ ತೇವವಾಯಿತು, ಅದನ್ನು ಮುಚ್ಚಿಡಲಾರೆ. ಆದರೆ ಕಣ್ಣೊರಸಿಕೊಂಡು ಲೆಕ್ಕ ನೋಡತೊಡಗಿದರೆ ಒಂದು ಸೋಜಿಗ. ಕಾದಂಬರಿಯ ಸದಾಕೋ ೬೪೪ ಕೊಕ್ಕರೆಗಳನ್ನು ಮಡಿಸಿ ಸಾಯುತ್ತಾಳೆ; ಉಳಿದ ೩೫೬ನ್ನು ಗೆಳತಿಯರು ಮಡಿಸಿ ಸಾವಿರ ತುಂಬಿಸುತ್ತಾರೆ. ನಿಜವಾದ ಸದಾಕೋ ಹಾಗೆ ನಡುವೆ ಕೈಚೆಲ್ಲಲಿಲ್ಲ. ಸಾವಿರ ಮುಗಿಸಿ ಮತ್ತೆ ಮಡಿಸುತ್ತಲೇ ಹೋದಳೆಂದು ಅವಳ ಅಣ್ಣ ಮಸಾಹಿರೋ ಹೇಳಿದ್ದಾರೆ. ಹಿರೋಷಿಮಾದ ವಸ್ತುಸಂಗ್ರಹಾಲಯ ಹೇಳುವುದೂ ಅದನ್ನೇ.

ಈ ವ್ಯತ್ಯಾಸ ಸಣ್ಣದೆಂದು ನನಗೆ ತೋರುವುದಿಲ್ಲ. ಸಾವಿರ ತುಂಬಲಿಲ್ಲ, ಆದ್ದರಿಂದ ಹುಡುಗಿ ಉಳಿಯಲಿಲ್ಲ ಎಂದರೆ ಮಗುವಿನ ಮನಸ್ಸಿಗೆ ಒಂದು ಸಮಾಧಾನ: ಇನ್ನಷ್ಟು ದಿನ ಸಿಕ್ಕಿದ್ದರೆ, ಇನ್ನಷ್ಟು ಕಾಗದ ಸಿಕ್ಕಿದ್ದರೆ! ವ್ರತ ಕೆಟ್ಟಿತು, ಫಲ ತಪ್ಪಿತು. ಲೋಕದ ನಿಯಮಕ್ಕೆ ಭಂಗವಿಲ್ಲ. ಆದರೆ ಸಾವಿರವೂ ತುಂಬಿತು, ಅದರ ಮೇಲೂ ತುಂಬಿತು, ಹುಡುಗಿ ಸತ್ತೇಹೋದಳು ಎಂದರೆ? ಅದು ಬೇರೆಯೇ ಕಥೆ. ಅಲ್ಲಿ ಮಗು ತಲೆಯೆತ್ತಿ, ಹಾಗಾದರೆ ಅವಳನ್ನು ಕೊಂದವರು ಯಾರು ಎಂದು ಕೇಳಿಯೇ ಕೇಳುತ್ತದೆ. ಲೇಖಕಿ ಬೇಕೆಂದೇ ಈ ಪ್ರಶ್ನೆಯನ್ನು ತಪ್ಪಿಸಿದರೆಂದು ನಾನು ಆರೋಪಿಸುತ್ತಿಲ್ಲ. ಕಥೆಗೊಂದು ರೂಪ ಬೇಕಿತ್ತು. ಅರ್ಧದಲ್ಲಿ ನಿಂತ ಎಣಿಕೆ ಚೆಲುವಾದ ರೂಪ. ಆದರೆ ಆ ಚೆಲುವಿಗೆ ಕೊಟ್ಟ ಬೆಲೆ ಸಣ್ಣದಲ್ಲ.

ಕ್ರೌಂಚವೆಂದೊಡನೆ ನಮಗೆ ತಮಸಾ ನದಿಯ ದಂಡೆ ನೆನಪಾಗುತ್ತದೆ. ಅಲ್ಲಿ ಹಕ್ಕಿ ಬಿದ್ದಾಗ ವಾಲ್ಮೀಕಿಯ ಬಾಯಿಂದ ಹೊರಟದ್ದು ಬರಿಯ ಶೋಕವಲ್ಲ; ಬಾಣ ಬಿಟ್ಟವನನ್ನು ಎದುರಿಗೆ ನಿಲ್ಲಿಸಿಕೊಂಡು ನುಡಿದ ಶಾಪ. ಶೋಕವೂ ಕೋಪವೂ ಒಂದೇ ಉಸಿರಿನಲ್ಲಿ ಬಂದದ್ದರಿಂದಲೇ ಅದು ಆದಿಕಾವ್ಯದ ಬೀಜವಾಯಿತು. ಕೋರ್ ಅವರ ಪುಸ್ತಕದಲ್ಲಿ ಕ್ರೌಂಚ ಬಿದ್ದಿದೆ, ಬೇಡನಿಲ್ಲ. ಬಾಂಬು ಎಂಬುದು ಸಿಡಿಲಿನಂತೆ, ಭೂಕಂಪದಂತೆ ಎಲ್ಲಿಂದಲೋ ಬಂದು ಎರಗಿದ ಒಂದು ಆಪತ್ತು. ಅದನ್ನು ಯಾರು ಮಾಡಿದರು, ಯಾರು ಹಾಕಿದರು, ಅದಕ್ಕೆ ಮೊದಲು ಜಪಾನೀ ಸೈನ್ಯ ಏಷ್ಯದ ನೆರೆಹೊರೆಯಲ್ಲಿ ಏನು ಮಾಡಿತ್ತು, ಇವು ಯಾವುವೂ ಕೊಕ್ಕರೆಯ ರೆಕ್ಕೆಯ ಮೇಲೆ ಕೂರಲಾರವು.

ಈಗ ಬರಿಗಾಲ ಹುಡುಗನ ವಿಷಯ. ನಾಕಾಜಾವಾ ೧೯೩೯ರಲ್ಲಿ ಹಿರೋಷಿಮಾದಲ್ಲಿ ಹುಟ್ಟಿದವರು. ತಂದೆ ಚಿತ್ರಕಾರ, ಯುದ್ಧವಿರೋಧಿ. ಆ ಕಾರಣಕ್ಕೆ ಸೆರೆಮನೆ ಕಂಡವರು. ಬಾಂಬು ಬಿದ್ದ ದಿನ ಆರು ವರ್ಷದ ಹುಡುಗ ಶಾಲೆಯ ಬಳಿಯಿದ್ದ, ಸಿಡಿದ ಸ್ಥಳದಿಂದ ಒಂದು ಕಿಲೋಮೀಟರಿಗೆ ತುಸು ಹೆಚ್ಚಿನ ದೂರ. ಸಹಪಾಠಿಯೊಬ್ಬನ ತಾಯಿ ಏನೋ ಕೇಳಲೆಂದು ನಿಲ್ಲಿಸಿದಳಂತೆ. ಅವಳು ಸುಟ್ಟು ಸತ್ತಳು. ಕಾಂಕ್ರೀಟು ಗೋಡೆಯ ಮರೆಯಲ್ಲಿದ್ದ ಹುಡುಗ ಉಳಿದ. ಮನೆಯಲ್ಲಿ ತಂದೆ, ಅಕ್ಕ, ತಮ್ಮ ಮೂವರೂ ಕುಸಿದ ಮನೆಯಡಿ ಸಿಕ್ಕಿ ಬೆಂಕಿಗೆ ಆಹುತಿಯಾದರು. ತುಂಬು ಗರ್ಭಿಣಿ ತಾಯಿ ಅದನ್ನು ಕಣ್ಣಾರೆ ಕಂಡು, ಅದೇ ದಿನ ಬೀದಿಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಕೆಲವು ತಿಂಗಳಲ್ಲಿ ಅದೂ ಹೋಯಿತು.

ದೊಡ್ಡವನಾದ ಹುಡುಗ ಅಂಗಡಿಯ ಫಲಕ ಬರೆಯುವ ಕೆಲಸಕ್ಕೆ ಸೇರಿದ. ಬಾಲ್ಯದಲ್ಲಿ ಒಸಾಮು ತೆಜುಕಾ ಅವರ ಚಿತ್ರಕಥೆಯೊಂದನ್ನು ಓದಿ ಹತ್ತಿದ ಹುಚ್ಚು ಬಿಟ್ಟಿರಲಿಲ್ಲ. ೧೯೬೧ರಲ್ಲಿ ಟೋಕಿಯೋಕ್ಕೆ ಹೊರಟುಬಂದು ಚಿತ್ರಕಥೆಗಳನ್ನೇ ಕಸುಬಾಗಿ ಮಾಡಿಕೊಂಡ. ಬಾಂಬಿನ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಬಾಂಬಿನಿಂದ ಉಳಿದವರೆಂದರೆ ಜನ ಹಿಂದೆ ಸರಿಯುತ್ತಿದ್ದ ಕಾಲ ಅದು. ಹೆಣ್ಣು ಕೊಡುವವರೂ ತರುವವರೂ ಯೋಚಿಸುತ್ತಿದ್ದರು. ೧೯೬೬ರಲ್ಲಿ ತಾಯಿ ತೀರಿಕೊಂಡಳು. ಸುಟ್ಟ ಮೇಲೆ ಅಸ್ಥಿಯನ್ನು ಆಯ್ದುಕೊಳ್ಳುವುದು ಅಲ್ಲಿಯೂ ನಮ್ಮ ಸಂಚಯನದಂತೆಯೇ ಒಂದು ಕರ್ಮ. ಮಗ ಆಯಲು ಹೋದರೆ ಮೂಳೆಯೆಂಬುದೇ ಇರಲಿಲ್ಲ, ಬರಿಯ ಬಿಳಿ ಬೂದಿ. ಬಾಂಬು ತನ್ನ ತಾಯಿಯ ಎಲುಬನ್ನೂ ಕಸಿದುಕೊಂಡಿತೆಂದು ಅವರಿಗನ್ನಿಸಿತು. ಆ ಕೋಪದಿಂದ ಬಾಂಬನ್ನು ಕುರಿತ ಮೊದಲ ಚಿತ್ರಕಥೆ ಹುಟ್ಟಿತು. ಹೆಸರಾಂತ ಪತ್ರಿಕೆಗಳು ಮುಟ್ಟಲಿಲ್ಲ. ೧೯೬೮ರಲ್ಲಿ ಅದು ದೊಡ್ಡವರ ಚಿಲ್ಲರೆ ಚಿತ್ರಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಇಲ್ಲಿ ಒಬ್ಬ ಸಂಪಾದಕರ ಹೆಸರು ಹೇಳದೆ ಮುಂದೆ ಹೋಗಬಾರದು. ‘ಶೋನೆನ್ ಜಂಪ್’ ಹುಡುಗರ ಪತ್ರಿಕೆ. ಕುಸ್ತಿ, ಬೇಸ್‌ಬಾಲ್, ಹೊಡೆದಾಟಗಳ ಕಥೆಗಳಿಂದ ಲಕ್ಷಗಟ್ಟಲೆ ಪ್ರತಿ ಖರ್ಚಾಗುತ್ತಿದ್ದ ಪತ್ರಿಕೆ. ಅದರ ಸಂಪಾದಕ ತದಾಸು ನಾಗಾನೋ ೧೯೭೨ರಲ್ಲಿ ನಾಕಾಜಾವಾ ಅವರಿಂದ ಆತ್ಮಕಥೆಯ ಒಂದು ಸಂಚಿಕೆಯನ್ನು ಬರೆಸಿದರು; ಅದನ್ನು ಓದಿ, ಇದು ಒಂದು ಸಂಚಿಕೆಗೆ ಮುಗಿಯುವ ವಿಷಯವಲ್ಲ ಎಂದು ದೀರ್ಘವಾಗಿ ಬರೆಯಲು ಹುರಿದುಂಬಿಸಿದರು. ಹೀಗೆ ೧೯೭೩ರಲ್ಲಿ ವಾರಪತ್ರಿಕೆಯಲ್ಲಿ ‘ಬರಿಗಾಲ ಗೆನ್’ ಆರಂಭವಾಯಿತು. ಸಂಪಾದಕರೆಂಬ ಜಾತಿಯನ್ನು ಬೈಯುವುದು ಲೇಖಕರಿಗೆ ರೂಢಿ; ನಾಗಾನೋ ಅವರಂಥವರೂ ಇದ್ದರೆಂಬುದನ್ನು ಬೈಯುವಾಗ ನೆನೆಯುವುದು ಒಳ್ಳೆಯದು. ಕಥೆ ಆ ಪತ್ರಿಕೆಯಲ್ಲಿ ೧೯೭೪ರವರೆಗೆ ನಡೆದು, ಆಮೇಲೆ ಬೇರೆ ಬೇರೆ ಪತ್ರಿಕೆಗಳ ಆಶ್ರಯ ಪಡೆದು, ೧೯೮೦ರ ದಶಕದಲ್ಲಿ ಮುಗಿಯಿತು. ೧೯೭೬ರಲ್ಲಿ ಕೆಲವು ಸ್ವಯಂಸೇವಕರು ಸೇರಿ ಭಾಷಾಂತರಕ್ಕೆ ಕೈಹಾಕಿದರು. ಎರಡು ವರ್ಷದಲ್ಲಿ ಇಂಗ್ಲಿಷಿನ ಮೊದಲ ಸಂಪುಟ ಹೊರಬಂತು.

ಪುಸ್ತಕ ಕೈಗೆತ್ತಿಕೊಂಡವರಿಗೆ ಮೊದಲು ಆಗುವುದು ಕಿರಿಕಿರಿ. ನನಗಂತೂ ಆಯಿತು. ಎಲ್ಲರೂ ಕಿರುಚುತ್ತಾರೆ. ಬಾಯಿ ಬಿಟ್ಟರೆ ಮುಖದ ಅರ್ಧ ಬಾಯಿಯೇ. ಅಪ್ಪ ಮಕ್ಕಳಿಗೆ ಬಾರಿಸುತ್ತಾನೆ, ಮಕ್ಕಳು ಒಬ್ಬರನ್ನೊಬ್ಬರು ಕಚ್ಚುತ್ತಾರೆ, ಕ್ಷಣದಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ. ಸೂಕ್ಷ್ಮವೆಂಬುದು ಈ ಚಿತ್ರಕಾರನ ಹತ್ತಿರ ಸುಳಿದಂತಿಲ್ಲ. ಬಯಲಾಟದ ವೇಷ ನೋಡಿದಂತೆ. ರಾಕ್ಷಸ ಬಂದನೆಂದರೆ ಚೌಕಿಯಿಂದಲೇ ಆರ್ಭಟ. ಆದರೆ ಇನ್ನೂರು ಪುಟ ಈ ಗದ್ದಲದ ಮನೆಯಲ್ಲಿ ಕಳೆದ ಮೇಲೆ ಆ ಏಳು ಜನರೂ ನಮ್ಮ ಬೀದಿಯವರಾಗಿಬಿಡುತ್ತಾರೆ. ಹಸಿವು ಆ ಮನೆಯ ಎಂಟನೆಯ ಸದಸ್ಯ. ಅಪ್ಪ ಯುದ್ಧವನ್ನು ಒಪ್ಪದವನೆಂದು ನೆರೆಹೊರೆ ದೇಶದ್ರೋಹಿ ಎನ್ನುತ್ತದೆ. ಅವನ ಗೋಧಿಯ ಹೊಲವನ್ನು ತುಳಿಯುತ್ತದೆ. ಪಾಕ್ ಎಂಬ ಕೊರಿಯಾದವನೊಬ್ಬ ಮಾತ್ರ ಸ್ನೇಹಿತ. ಇಷ್ಟೆಲ್ಲ ಆದ ಮೇಲೆ, ಒಂದು ಬೆಳಗ್ಗೆ, ಬಾಂಬು ಬೀಳುತ್ತದೆ.

ಆ ಪುಟಗಳನ್ನು ವರ್ಣಿಸುವ ಶಕ್ತಿ ನನಗಿಲ್ಲ, ಇಷ್ಟವೂ ಇಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಹಿರೋಷಿಮಾದಲ್ಲಿ ಆ ವರ್ಷದ ಕೊನೆಯೊಳಗೆ ಸುಮಾರು ೧,೪೦,೦೦೦ ಜನ ಸತ್ತರೆಂದು ಬರೆದರೆ ಕಣ್ಣು ಆ ಅಂಕಿಯ ಮೇಲೆ ಜಾರಿ ಮುಂದಿನ ವಾಕ್ಯಕ್ಕೆ ಹೋಗುತ್ತದೆ. ಚಿತ್ರದಲ್ಲಿ ಹಾಗೆ ಜಾರುವುದಕ್ಕಾಗುವುದಿಲ್ಲ. ತೊಲೆಯಡಿ ಸಿಕ್ಕ ಅಪ್ಪ, ಎತ್ತಲಾರದ ಹುಡುಗ, ಹತ್ತಿರ ಬರುತ್ತಿರುವ ಬೆಂಕಿ. ಪುಟ ತಿರುವಿದರೆ ಮತ್ತೆ ಅದೇ ಅಪ್ಪ, ಅದೇ ತೊಲೆ, ಬೆಂಕಿ ಒಂದು ಮಾರು ಹತ್ತಿರ. ಬೆಂಕಿ ಮುಂದೆ ಬರುವುದು ನಾವು ಪುಟ ತಿರುವುವುದರಿಂದಲೇ ಎಂಬಂತೆ ಭಾಸವಾಗಿ ಬೆರಳು ಹಿಂಜರಿಯುತ್ತದೆ. ಈ ಅನುಭವವನ್ನು ನನಗೆ ಗದ್ಯ ಎಂದೂ ಕೊಟ್ಟಿಲ್ಲ. ಬೊಂಬೆಯೆಂದರೆ ಓದಲಾರದವರಿಗೆ ಸುಲಭದ ದಾರಿ ಎನ್ನುವವರು ಈ ಹತ್ತು ಪುಟಗಳನ್ನು ನಡೆದು ನೋಡಬೇಕು.

ಇಲ್ಲಿಯೂ ಒಂದು ಕಲ್ಪನೆಯಿದೆ. ಆ ಹೊತ್ತಿನಲ್ಲಿ ನಾಕಾಜಾವಾ ಮನೆಯ ಮುಂದೆ ಇರಲಿಲ್ಲ. ಶಾಲೆಯ ಬಳಿಯಿಂದ ಅವರು ತಾಯಿಯನ್ನು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ತಾಯಿ ಹೇಳಿದ್ದನ್ನು ಕೇಳಿದವರು ಅವರು. ಕಾದಂಬರಿಯಲ್ಲಿ ಗೆನ್‌ನನ್ನು ತಂದು ಆ ತೊಲೆಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ತಾಯಿ ಒಬ್ಬಳೇ ಹೊತ್ತ ಭಾರವನ್ನು ಇಪ್ಪತ್ತೆಂಟು ವರ್ಷಗಳ ಮೇಲೆ ಮಗ ಚಿತ್ರದಲ್ಲಿ ಹೋಗಿ ಹಂಚಿಕೊಂಡಂತಾಯಿತು. ಕೋರ್ ಅವರೂ ನಡೆದುದನ್ನು ಬದಲಿಸಿದರು, ನಾಕಾಜಾವಾ ಅವರೂ ಬದಲಿಸಿದರು. ಒಂದು ಬದಲಾವಣೆ ಮಗುವಿನ ಹೆಗಲಿನಿಂದ ಭಾರ ಇಳಿಸುತ್ತದೆ, ಇನ್ನೊಂದು ಹೊರಿಸುತ್ತದೆ. ಕಥೆಗಾರರಿಗೆ ಈ ಸ್ವಾತಂತ್ರ್ಯವಿದೆ. ಯಾವ ಕಡೆಗೆ ಬಳಸಿದರೆಂಬುದನ್ನು ನೋಡುವ ಸ್ವಾತಂತ್ರ್ಯ ಓದುಗನಿಗೂ ಇದೆ.

ಬೇಡನ ಮಾತಿಗೆ ಬಂದರೆ, ಗೆನ್‌ನ ಪುಸ್ತಕದಲ್ಲಿ ಒಬ್ಬನಲ್ಲ, ಹಲವರು. ಬಾಂಬು ಹಾಕಿದ ಅಮೆರಿಕ ಸರಿಯೇ. ಪ್ರಜೆಗಳನ್ನು ಯುದ್ಧಕ್ಕೆ ಅಟ್ಟಿದ ಜಪಾನೀ ಸೇನಾನಿಗಳು ಮತ್ತು ಸ್ವತಃ ಚಕ್ರವರ್ತಿ. ನೆನ್ನೆ ಬಾವುಟ ಹಿಡಿದು ಇಂದು ಶಾಂತಿಯ ಭಾಷಣ ಮಾಡುವ ಬೀದಿಯ ಮುಖಂಡ. ಗಾಯಾಳು ಮುದುಕನನ್ನು ಕೊರಿಯಾದವನೆಂದು ಚಿಕಿತ್ಸೆ ಕೊಡದೆ ಅಟ್ಟುವವರು. ಈ ಕೊನೆಯದನ್ನು ಓದುವಾಗ ಒಂದು ವಿಷಯ ನೆನಪಿರಲಿ: ಬಾಂಬಿಗೆ ಸತ್ತ ಕೊರಿಯನ್ನರ ಸ್ಮಾರಕ ೧೯೭೦ರಲ್ಲಿ ಎದ್ದದ್ದು ಶಾಂತಿ ಉದ್ಯಾನದ ಹೊರಗೆ, ಒಳಗೆ ಜಾಗ ಸಿಕ್ಕಿದ್ದು ೧೯೯೯ರಲ್ಲಿ. ನಾಕಾಜಾವಾ ತಮ್ಮ ಪಾಕ್‌ನಿಗೆ ೧೯೭೦ರ ದಶಕದಲ್ಲಿಯೇ ಪುಸ್ತಕದ ಒಳಗೆ ಜಾಗ ಕೊಟ್ಟಿದ್ದರು.

ಇಷ್ಟು ಜನರನ್ನು ಎದುರಿಗೆ ನಿಲ್ಲಿಸಿದ ಪುಸ್ತಕಕ್ಕೆ ಸುಖವಾದ ಬಾಳು ಎಲ್ಲಿಂದ ಬರಬೇಕು? ಮೊದಮೊದಲು ಬಂದಿತ್ತು ಎಂಬುದೇ ಆಶ್ಚರ್ಯ. ೧೯೭೫ರಲ್ಲಿ ಪುಸ್ತಕರೂಪದಲ್ಲಿ ಬಂದ ಮೇಲೆ ಚಿತ್ರಕಥೆಗಳಿಗೆ ಬಾಗಿಲು ಹಾಕಿದ್ದ ಜಪಾನೀ ಶಾಲೆಗಳ ಪುಸ್ತಕ ಭಂಡಾರಗಳು ಇದಕ್ಕೆ ಬಾಗಿಲು ತೆರೆದವು. ಒಂದು ತಲೆಮಾರಿನ ಮಕ್ಕಳು ಹೆದರಿಕೊಂಡೇ ಓದಿದರು. ಆಮೇಲೆ ಗಾಳಿ ತಿರುಗಿತು. ೧೯೧೨ರಿಂದ ನೂರು ವರ್ಷಕ್ಕೆ, ಎಂದರೆ ೨೦೧೨ರ ಡಿಸೆಂಬರಿನಲ್ಲಿ, ಮಾತ್ಸುಯೇ ನಗರದ ಶಿಕ್ಷಣ ಮಂಡಲಿಯ ಕಚೇರಿ ಅಲ್ಲಿಯ ಶಾಲೆಗಳಿಗೆ, ಈ ಪುಸ್ತಕವನ್ನು ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಒಳಗಿನ ಕಪಾಟಿನಲ್ಲಿಡಿ ಎಂದು ಸೂಚಿಸಿತು. ಜಪಾನೀ ಸೈನಿಕರು ಏಷ್ಯದಲ್ಲಿ ಎಸಗಿದ ಕ್ರೌರ್ಯದ ಚಿತ್ರಗಳು ಮಕ್ಕಳಿಗೆ ತಕ್ಕುದಲ್ಲ ಎಂಬುದು ಕಾರಣ. ಬಾಂಬಿನ ಪುಟಗಳಿಗಲ್ಲ ಆಕ್ಷೇಪ ಎಂಬುದನ್ನು ವಾಚಕರು ಗಮನಿಸಬೇಕು. ಅದೇ ತಿಂಗಳ ೧೯ರಂದು ನಾಕಾಜಾವಾ ತೀರಿಕೊಂಡರು. ಮುಂದಿನ ಆಗಸ್ಟಿನಲ್ಲಿ ಸುದ್ದಿ ಹೊರಬಿದ್ದು ದೇಶವೆಲ್ಲ ಕೂಗೆದ್ದ ಮೇಲೆ ಸೂಚನೆಯನ್ನು ಹಿಂತೆಗೆದುಕೊಂಡರು. ೨೦೨೩ರಲ್ಲಿ ಹಿರೋಷಿಮಾ ನಗರದ ಶಿಕ್ಷಣ ಮಂಡಲಿಯೇ ತನ್ನ ಶಾಂತಿ ಪಾಠಗಳಿಂದ ಗೆನ್‌ನನ್ನು ಕೈಬಿಟ್ಟಿತು. ಈ ಸಲದ ಕಾರಣ ಬೇರೆ. ಮೂರನೆಯ ತರಗತಿಯ ಪಾಠದಲ್ಲಿ, ಹಸಿವಿನಿಂದ ಬಳಲಿದ ತಾಯಿಗೆ ತಿನ್ನಿಸಲೆಂದು ಗೆನ್ ಯಾರದೋ ಕೊಳದಿಂದ ಮೀನು ಕದಿಯುವ ಪ್ರಸಂಗವಿತ್ತು. ಕದಿಯುವುದನ್ನು ಓದಿ ಮಕ್ಕಳು ತಪ್ಪು ತಿಳಿದಾರು ಎಂದು ಅಂಜಿಕೆ!

ಅಮೆರಿಕದಲ್ಲಿಯೂ ಇದೇ ಆಟ ನಡೆದಿದೆ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಯೆಹೂದ್ಯರ ಕಗ್ಗೊಲೆಯನ್ನು ಇಲಿ ಬೆಕ್ಕುಗಳ ಮುಖದಲ್ಲಿ ಹೇಳಿದ ಚಿತ್ರಕಾದಂಬರಿ; ೧೯೯೨ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಪಡೆಯಿತು. ೨೦೨೨ರ ಜನವರಿಯಲ್ಲಿ ಟೆನೆಸ್ಸಿಯ ಒಂದು ಜಿಲ್ಲೆಯ ಶಾಲಾ ಮಂಡಲಿ, ಅದರಲ್ಲಿ ಕೆಲವು ಬೈಗುಳಗಳೂ ಒಂದು ಬತ್ತಲೆ ಚಿತ್ರವೂ ಇವೆಯೆಂದು ಪಾಠದಿಂದ ತೆಗೆಯಿತು. ಲಕ್ಷಾಂತರ ಜನ ಗ್ಯಾಸಿಗೆ ಬಲಿಯಾದ ಕಥೆಯಲ್ಲಿ ಹಿರಿಯರ ಕಣ್ಣಿಗೆ ಬಿದ್ದದ್ದು ಬೈಗುಳ. ಊರೇ ಸುಟ್ಟ ಕಥೆಯಲ್ಲಿ ಕಣ್ಣಿಗೆ ಬಿದ್ದದ್ದು ಕದ್ದ ಮೀನು.

ಮಗುವಿನ ಮನಸ್ಸು ಕೋಮಲ, ಅದನ್ನು ಕದಡಬಾರದು ಎಂಬ ಮಾತಿಗೆ ನನ್ನಲ್ಲಿ ಗೌರವವಿಲ್ಲದೆ ಇಲ್ಲ. ಆರು ವರ್ಷದ ಕೂಸಿಗೆ ಈ ಪುಸ್ತಕ ಕೊಡಿ ಎಂದು ನಾನು ಹೇಳಲಾರೆ. ಹತ್ತು ದಾಟಿದವರಿಗೆ, ಪಕ್ಕದಲ್ಲಿ ಒಬ್ಬ ಹಿರಿಯರು ಕುಳಿತು ಕೊಡಬಹುದು. ಆದರೆ ಕೋಮಲತೆಯ ಹೆಸರಿನಲ್ಲಿ ನಾವು ಕಾಯುತ್ತಿರುವುದು ಮಗುವನ್ನೋ ನಮ್ಮನ್ನೋ ಎಂಬ ಸಂಶಯ ನನಗೆ. ಕನ್ನಡದ ಮಕ್ಕಳು ಎಷ್ಟೋ ಕಾಲದಿಂದ ಪುಣ್ಯಕೋಟಿಯ ಹಾಡು ಹೇಳಿಕೊಂಡು ಬಂದಿದ್ದಾರೆ. ಅದರ ಕೊನೆಗೆ ಹುಲಿ ಸಾಯುತ್ತದೆ. ಸಾವನ್ನು ತೆಗೆದು ಹುಲಿಯೂ ಹಸುವೂ ಸ್ನೇಹಿತರಾದರೆಂದು ಯಾರೂ ತಿದ್ದಲಿಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ಹೆಜ್ಜೆಯಿಟ್ಟು, ಸತ್ತ ಮಗನನ್ನೂ ತಮ್ಮನನ್ನೂ ಗೆಳೆಯನನ್ನೂ ಒಬ್ಬೊಬ್ಬರನ್ನಾಗಿ ಕಾಣುತ್ತ ಹೋಗುವ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಓದಿದ್ದಾರೆ. ಅಲ್ಲಿ ಕೊಂದವರು ಯಾರು, ಯಾತಕ್ಕೆ ಎಂಬುದು ಓದುವವರಿಗೆಲ್ಲ ಗೊತ್ತು. ಹಳೆಯ ಯುದ್ಧದ ಹೆಣ ತೋರಿಸಬಹುದು. ನೆನ್ನೆಯ ಯುದ್ಧದ್ದು ಬೇಡ. ಹಳೆಯದರ ಹೊಣೆಗಾರರು ಯಾರೂ ಉಳಿದಿಲ್ಲವಲ್ಲ.

ನಮ್ಮ ಕೆಲವು ಶಾಲೆಗಳಲ್ಲಿ ಆಗಸ್ಟ್ ೬ರಂದು ಮಕ್ಕಳು ಕೊಕ್ಕರೆ ಮಡಿಸುತ್ತಾರೆ. ಮಡಿಸಲಿ, ಬೆರಳಿಗೆ ಅದೊಂದು ಒಳ್ಳೆಯ ವಿದ್ಯೆ, ಸದಾಕೋ ಎಂಬ ಹೆಸರು ನಾಲಗೆಯ ಮೇಲೆ ಉಳಿಯುವುದೂ ಒಳ್ಳೆಯದೇ. ಆದರೆ ಅವಳು ಸಾವಿರ ಮುಗಿಸಿದ್ದಳೆಂಬುದನ್ನೂ ಗುರುಗಳು ಹೇಳಬೇಕು. ಆಗ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡಿರಬೇಕು.

ನಾಕಾಜಾವಾ ಅವರ ಹತ್ತನೆಯ ಸಂಪುಟ ಮುಗಿಯುವಾಗ ಗೆನ್ ಮೀಸೆ ಮೂಡುವ ವಯಸ್ಸಿನ ಹುಡುಗ. ಚಿತ್ರಕಾರನಾಗಬೇಕೆಂದು ಹಿರೋಷಿಮಾ ಬಿಟ್ಟು ಟೋಕಿಯೋಕ್ಕೆ ಹೊರಡುತ್ತಾನೆ. ಅಲ್ಲಿಯ ಬದುಕನ್ನು ಎರಡನೆಯ ಭಾಗವಾಗಿ ಬರೆಯಬೇಕೆಂದು ಕರ್ತೃವಿಗೆ ಆಸೆಯಿತ್ತು. ಕಣ್ಣಿಗೆ ಪೊರೆ ಬಂದು ಗೆರೆ ಕಾಣದಂತಾಗಿ, ೨೦೦೯ರಲ್ಲಿ ಅವರು ಲೇಖನಿ ಕೆಳಗಿಟ್ಟರು. ಹುಡುಗ ಹೊರಟಿದ್ದಾನೆ, ಮುಂದಿನ ಪುಟಗಳನ್ನು ಬರೆದವರಿಲ್ಲ.